ಸೆಂಟೆನ್ಸ್ ಕರೆಕ್ಟ್ ಐತ್ರೀ ಸರ್?

ಹೊಸ ಇಂಗ್ಲಿಷ್ ಪದ ಕಲಿಯೋದು ಹೇಗೆ ಅಂತ ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಆ ಪದ ಬಳಸಿದ ಒಂದು ವಾಕ್ಯ. ವಾಕ್ಯವನ್ನು ಪುಸ್ತಕದಿಂದ ಕಾಪಿ ಹೊಡೀಬೇಡಿ, ನಿಮ್ಮ ಬದುಕಿನದ್ದೇ ಏನಾದರೂ ಬರೀರಿ, ಆಗ ಮರೆಯಲ್ಲ. ಈ ಸಲಹೆಯನ್ನು ನಾನೂ ಪಾಲಿಸಿದ್ದೇನೆ, ಹತ್ತಾರು ಜನಕ್ಕೆ ಕೊಟ್ಟೂ ಇದ್ದೇನೆ. ಆದರೆ ಆ ಮೂರನೇ ಕಾಲಂ ಬಗ್ಗೆ ಸರಿಯಾಗಿ ಯೋಚನೆ ಮಾಡೇ ಇರಲಿಲ್ಲ ಅನ್ನೋದು ಹೋದ ಏಪ್ರಿಲ್‌ನಲ್ಲಿ ಗೊತ್ತಾಯ್ತು.

ಬಿಇ ಮೂರನೇ ವರ್ಷದಲ್ಲಿ ನಮ್ಮ ಹಾಸ್ಟೆಲ್ಲಿನಲ್ಲಿ ಅಮೆರಿಕಕ್ಕೆ ಹೋಗುವವರು, ಹೋಗದವರು ಎಲ್ಲರ ಹತ್ತಿರವೂ ಬ್ಯಾರನ್ಸ್ ಕಂಪನಿಯ ಜಿಆರ್‌ಇ ಪುಸ್ತಕ ಇರುತ್ತಿತ್ತು. ಅದರಲ್ಲಿ 3,500 ಪದಗಳ ಒಂದು ಪಟ್ಟಿ. ಪದ, ಅರ್ಥ, ಉದಾಹರಣೆ ವಾಕ್ಯ. ಅಬೇಸ್, ಅಬ್ಯಾಶ್, ಅಬೇಟ್ ಅಂತ ಶುರುವಾಗುತ್ತೆ. ಎಲ್ಲರೂ ಮೊದಲ ಪುಟದಿಂದ ಶುರು ಮಾಡಿ ಎರಡು ವಾರಕ್ಕೆ ಕೈಬಿಡುತ್ತಿದ್ದರಿಂದ ನಮ್ಮ ಬ್ಯಾಚಿನವರಿಗೆ ಇವತ್ತಿಗೂ 'ಎ' ಅಕ್ಷರದ ಪದಗಳು ಮಾತ್ರ ಅದ್ಭುತವಾಗಿ ಬರುತ್ತವೆ. ಅಬೇಸ್ ಅಂದರೆ ಒಬ್ಬರನ್ನು ಕೀಳುಗಳೆಯೋದು. ಅಬ್ಯಾಶ್ ಅಂದರೆ ಮುಜುಗರ ಮಾಡೋದು. ಪಟ್ಟಿಯ ಮೊದಲ ಎರಡು ಪದಗಳೂ ಅವಮಾನಕ್ಕೆ ಸಂಬಂಧಪಟ್ಟಿದ್ದು ಅನ್ನೋದು ಆಗ ತಲೆಗೆ ಹೋಗಿರಲಿಲ್ಲ.

ಅವಮಾನದ ಅನುಭವ ಇರಲಿಲ್ಲ ಅಂತಲ್ಲ. ಮೊದಲ ಕ್ಯಾಂಪಸ್ ಇಂಟರ್‌ವ್ಯೂನ ಗ್ರೂಪ್ ಡಿಸ್ಕಶನ್ನಿನಲ್ಲಿ ಹದಿನೈದು ನಿಮಿಷ ಬಾಯಿ ಬಿಡದೆ ಕೂತು ಎದ್ದು ಬಂದವನು ನಾನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ವಿಷಯ ಗೊತ್ತಿತ್ತು, ವಾಕ್ಯ ಕಟ್ಟುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿಬಿಡುತ್ತಿತ್ತು. ಆಮೇಲೆ ಅವೆನ್ಯೂ ರೋಡಿನಲ್ಲಿ ನಾರ್ಮನ್ ಲೂಯಿಸ್‌ನ 'ವರ್ಡ್ ಪವರ್ ಮೇಡ್ ಈಸಿ' ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. 1949ರಲ್ಲಿ ಮೊದಲು ಬಂದ ಪುಸ್ತಕ, ಈಗಲೂ ಫುಟ್‌ಪಾತಿನಲ್ಲಿ ಸಿಗುತ್ತೆ. ಬೇರು ಹಿಡಿದು ಪದ ಕಲಿಸುತ್ತೆ. ಒಂದು ಲ್ಯಾಟಿನ್ ಬೇರು ಗೊತ್ತಾದರೆ ಹತ್ತು ಪದ ಕೈಗೆ ಬರುತ್ತವೆ. ದಿನಕ್ಕೆ ಐದು ಪದ ಅಂತ ಕಲಿತೆ. ಕೆಲಸ ಸಿಕ್ತು, ಅಪ್ಪನ ಸೊಸೈಟಿ ಸಾಲ ತೀರಿತು. ಆದ್ದರಿಂದ ಇಂಗ್ಲಿಷ್ ಪದ ಕಲಿಯುವವರನ್ನು ಗೇಲಿ ಮಾಡೋ ಬರಹ ಇದಲ್ಲ. ಆ ಪದಗಳ ಋಣ ನನ್ನ ಮೇಲಿದೆ.

ಈಗ ಏಪ್ರಿಲ್ ವಿಷಯ. ಏಳು ಜನರ ತಂಡಕ್ಕೆ ನಾನು ಮ್ಯಾನೇಜರ್. ಅಪ್ರೈಸಲ್ ಸಮಯ. ಬೆಲ್ ಕರ್ವ್ ಅನ್ನೋದು ನಿಮಗೆಲ್ಲ ಗೊತ್ತಿರುತ್ತೆ, ಏಳರಲ್ಲಿ ಒಬ್ಬರಿಗಾದರೂ ಕಮ್ಮಿ ರೇಟಿಂಗ್ ಕೊಡಲೇಬೇಕು. ತಂಡದಲ್ಲಿ ಕೊಪ್ಪಳ ಜಿಲ್ಲೆಯ ಒಬ್ಬ ಹುಡುಗ ಇದ್ದ. ಕೆಲಸಕ್ಕೆ ಸೇರಿ ಎರಡು ವರ್ಷ. ಕೋಡ್ ಅಚ್ಚುಕಟ್ಟು, ಮೀಟಿಂಗಿನಲ್ಲಿ ಮಾತಿಲ್ಲ. ಕ್ಲೈಂಟ್ ಕಡೆಯವರಿಗೆ ಅವನ ಹೆಸರೇ ಗೊತ್ತಿಲ್ಲ. ಅವನನ್ನು ಕೆಳಗೆ ಹಾಕಿದರೆ ಯಾರೂ ಪ್ರಶ್ನೆ ಮಾಡಲ್ಲ. ಹಾಕಿದೆ. ಫಾರ್ಮಿನಲ್ಲಿ ಕಾರಣ ಬರೆಯೋ ಜಾಗ ಇತ್ತು. 'ಶೈ' ಅಂತ ಬರೆದರೆ ಸ್ಕೂಲ್ ಮಕ್ಕಳ ಪ್ರೋಗ್ರೆಸ್ ಕಾರ್ಡ್ ಥರ ಇರುತ್ತೆ. 'ಮಾತಾಡಲ್ಲ' ಅಂದರೆ ನನ್ನ ದೂರಿನ ಥರ ಕೇಳುತ್ತೆ. 'ಡಿಫಿಡೆಂಟ್' ಅಂತ ಬರೆದೆ. ಆತ್ಮವಿಶ್ವಾಸ ಸಾಲದವನು. ಡಾಕ್ಟರು ಚೀಟಿಯಲ್ಲಿ ಕಾಯಿಲೆ ಹೆಸರು ಬರೆದ ಹಾಗಿತ್ತು. ಮೇಲಿನವರು ಓದಿ ತಲೆಯಾಡಿಸಿದರು.

ವಾರದ ನಂತರ ಹುಡುಗ ನನ್ನ ಸೀಟಿನ ಹತ್ತಿರ ಬಂದ. ರೇಟಿಂಗ್ ಬಗ್ಗೆ ಜಗಳ ಆಡೋಕೆ ಬಂದ ಅಂದುಕೊಂಡು ಉತ್ತರ ರೆಡಿ ಮಾಡಿಕೊಂಡೆ. ಅವನ ಕೈಲಿ ಒಂದು ನೋಟ್‌ಬುಕ್ ಇತ್ತು. ಮೂರು ಕಾಲಂ. ಇಂಪ್ರೂವ್ ಆಗ್ಬೇಕು ಅಂತ ದಿನಾ ಪದ ಬರೀತೀನಿ ಸರ್ ಅಂದ. ಆ ದಿನದ ಪದ ಡಿಫಿಡೆಂಟ್. ಅರ್ಥವನ್ನು ನಿಘಂಟಿನಿಂದ ನೀಟಾಗಿ ಬರೆದಿದ್ದ. ಮೂರನೇ ಕಾಲಮ್ಮಿನಲ್ಲಿ, ಸಲಹೆಯಲ್ಲಿ ಹೇಳಿದಂತೆಯೇ, ತನ್ನ ಬದುಕಿನಿಂದ ಒಂದು ವಾಕ್ಯ: 'ಐ ಆಮ್ ಡಿಫಿಡೆಂಟ್ ಇನ್ ಮೀಟಿಂಗ್ಸ್.'

"ಸೆಂಟೆನ್ಸ್ ಕರೆಕ್ಟ್ ಐತ್ರೀ ಸರ್?"

ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಲೂ ಗ್ರಾಮರ್ ಕೇಳೋಕೇ ಬಂದಿದ್ದ. ಕರೆಕ್ಟ್ ಇದೆ ಅಂದೆ. ಥ್ಯಾಂಕ್ಸ್ ಸರ್ ಅಂತ ಹೋದ.

ಅವತ್ತು ಸಂಜೆ ಮನೆಗೆ ಹೋಗುವಾಗ ತಲೆಯಲ್ಲಿ ಅದೇ. ಅವನನ್ನು ಆ ಪದಕ್ಕೆ ಉದಾಹರಣೆ ಮಾಡಿದವನು ನಾನು. ಆದರೆ ಉದಾಹರಣೆ ಅಂದರೇನು?

ಕಲಿಯುವವರ ನಿಘಂಟುಗಳಿಗೆ ಒಂದು ಕತೆ ಇದೆ. ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಎ. ಎಸ್. ಹಾರ್ನ್‌ಬಿ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ತಮ್ಮ ಜೊತೆಗಾರರೊಂದಿಗೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಅರ್ಥದ ಪಕ್ಕ ಬಳಕೆಯನ್ನೂ ತೋರಿಸೋದು ಅಲ್ಲಿಂದ ಮುಂದೆ ಇಂಥ ನಿಘಂಟುಗಳಿಗೆ ಮಾಮೂಲಾಯ್ತು. ಈ ಥರದ ಉದಾಹರಣೆಗಳನ್ನು ಬಹುಮಟ್ಟಿಗೆ ಸಂಪಾದಕರೇ ಕೂತು ಕಟ್ಟುತ್ತಿದ್ದರು. 1987ರಲ್ಲಿ ಬರ್ಮಿಂಗ್‌ಹ್ಯಾಂ ಯೂನಿವರ್ಸಿಟಿಯ ಜಾನ್ ಸಿಂಕ್ಲೇರ್ ಮುಂದಾಳತ್ವದಲ್ಲಿ ಬಂದ ಕೋಬಿಲ್ಡ್ ನಿಘಂಟು ಇದನ್ನು ತಿರುಗಿಸಿತು. ಜನ ನಿಜವಾಗಿ ಬರೆದ, ಆಡಿದ ಲಕ್ಷಾಂತರ ಪದಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ, ಉದಾಹರಣೆಗಳನ್ನು ಅಲ್ಲಿಂದಲೇ ಆರಿಸಿದರು. ಕಟ್ಟಿದ ವಾಕ್ಯ ಪದಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಸರಿಯಾಗಿ ಕೂರುತ್ತೆ. ನಿಜವಾದ ವಾಕ್ಯ ಹಾಗಲ್ಲ. ಅದರಲ್ಲಿ ಸುತ್ತಮುತ್ತಲಿನ ಜನ, ಜಾಗ, ಹೊತ್ತು ಎಲ್ಲ ಅಂಟಿಕೊಂಡಿರುತ್ತೆ. ನಮ್ಮ ಕಿಟೆಲ್ ಕೂಡ 1894ರ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಜನರ ಬಾಯಲ್ಲಿದ್ದ ಗಾದೆಗಳನ್ನು ಪದಗಳ ಜೊತೆ ಕೊಟ್ಟಿದ್ದಾರೆ.

ಅಪ್ರೈಸಲ್‌ನಲ್ಲಿ ನಾನು ಬರೆದಿದ್ದು ಕಟ್ಟಿದ ವಾಕ್ಯ. ಮೊದಲು ರೇಟಿಂಗ್, ಆಮೇಲೆ ಪದ, ಕೊನೆಗೆ ಆ ಪದಕ್ಕೆ ಹೊಂದುವ ಹಾಗೆ ಹುಡುಗ. ನಿಜವಾದ ಉದಾಹರಣೆ ಹುಡುಕೋಣ ಅಂತ ರಾತ್ರಿ ಲ್ಯಾಪ್‌ಟಾಪ್ ತೆಗೆದು ಹಳೇ ಮೇಲ್‌ಗಳನ್ನು ನೋಡಿದೆ.

ಮಾರ್ಚ್‌ನಲ್ಲಿ ನಮ್ಮದೊಂದು ಜಾಬ್ ಹೊಸ ಸರ್ವರಿಗೆ ಹೋಗಿತ್ತು. ಕ್ಲೈಂಟಿನ ಬಿಲ್‌ಗಳನ್ನು ತಯಾರು ಮಾಡೋ ಜಾಬ್, ಅಮೆರಿಕದ ಸಮಯ ರಾತ್ರಿ 2.30ಕ್ಕೆ ಓಡಬೇಕು. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ಎರಡನೇ ಭಾನುವಾರ ಬೆಳಗಿನ ಜಾವ ಗಡಿಯಾರವನ್ನು ಎರಡು ಗಂಟೆಯಿಂದ ನೇರ ಮೂರಕ್ಕೆ ತಳ್ಳುತ್ತಾರೆ. ಅವತ್ತು ಎರಡೂವರೆ ಗಂಟೆ ಅನ್ನೋದೇ ಬರಲ್ಲ. ನಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲವಾದ್ದರಿಂದ ನಮಗ್ಯಾರಿಗೂ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು. ಕಾಲ್‌ನಲ್ಲಿ "ಐ ಹ್ಯಾವ್ ಒನ್ ಡೌಟ್" ಅಂದಿದ್ದ. ನಮ್ಮಲ್ಲಿ ಡೌಟ್ ಅಂದರೆ ಪ್ರಶ್ನೆ. ಆ ಕಡೆಯವರಿಗೆ ಡೌಟ್ ಅಂದರೆ ಅನುಮಾನ. ಆ ಕಡೆ ಒಂದು ಕ್ಷಣ ಮೌನ, ಆಮೇಲೆ ನಾನೇ "ಆಫ್‌ಲೈನ್ ಮಾತಾಡೋಣ" ಅಂತ ಮುಂದಕ್ಕೆ ಹೋದೆ. ಆಫ್‌ಲೈನ್ ಮಾತಾಡಲಿಲ್ಲ. ಬುಧವಾರ ಅವನು ನನಗೊಂದು ಮೇಲ್ ಹಾಕಿದ್ದ: 'ಇನ್ ಅಮೆರಿಕಾ ದಟ್ ನೈಟ್ ಟೂ ಟು ತ್ರೀ ಈಸ್ ನಾಟ್ ದೇರ್ ಸರ್. ಜಾಬ್ ಹೌ ವಿಲ್ ರನ್?' ಓದಿದ ನೆನಪು ನನಗಿದೆ. ಇಂಗ್ಲಿಷ್ ನೋಡಿ ನಕ್ಕ ನೆನಪೂ ಇದೆ. ಭಾನುವಾರ ಜಾಬ್ ಓಡಲಿಲ್ಲ. ಸೋಮವಾರ ಎಲ್ಲರೂ ಬೈಸಿಕೊಂಡೆವು. ಅವನು "ನಾನು ಹೇಳಿದ್ದೆ" ಅನ್ನಲಿಲ್ಲ, ಕೂತು ಸರಿಮಾಡಿದ.

ನಾರ್ಮನ್ ಲೂಯಿಸ್ ಕಲಿಸಿದ ಚಟ, ಪದದ ಬೇರು ಹುಡುಕಿದೆ. ಲ್ಯಾಟಿನ್‌ನಲ್ಲಿ 'ಫಿಡೆರೆ' ಅಂದರೆ ನಂಬು. ಕಾನ್ಫಿಡೆನ್ಸ್, ಫಿಡೆಲಿಟಿ ಎಲ್ಲ ಅದೇ ಬೇರಿನ ಟಿಸಿಲು. ಡಿಫಿಡೆಂಟ್ ಅಂದರೆ ನಂಬಿಕೆ ಇಲ್ಲದವನು. ಈಗಿನ ಅರ್ಥ, ತನ್ನ ಮೇಲೇ ನಂಬಿಕೆ ಇಲ್ಲದವನು. ಆದರೆ ಹಿಂದೆ ಇಂಗ್ಲಿಷಿನಲ್ಲಿ ಈ ಪದಕ್ಕೆ ಬೇರೆಯವರನ್ನು ನಂಬದವನು ಅನ್ನೋ ಅರ್ಥ ಇತ್ತು, ಅದು ಬಳಕೆಯಿಂದ ಹೋಯ್ತು. ಆ ಹುಡುಗನಿಗೆ ತನ್ನ ಮೇಲೆ ನಂಬಿಕೆ ಇತ್ತು, ಇಲ್ಲದಿದ್ದರೆ ಮೇಲ್ ಹಾಕುತ್ತಿರಲಿಲ್ಲ. ಅವನಿಗೆ ಇಲ್ಲದೇ ಹೋಗಿದ್ದು ನಮ್ಮ ಮೇಲಿನ ನಂಬಿಕೆ. ಪೂರ್ತಿ ಕೇಳಿಸಿಕೊಳ್ಳುತ್ತೇವೆ ಅನ್ನೋ ನಂಬಿಕೆ. ಅದು ಹೋಗಿದ್ದಕ್ಕೆ ಅವನ ಹತ್ತಿರ ತಾರೀಖು ಸಮೇತ ಸಾಕ್ಷಿ ಇದೆ.

ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದಾಗ ಅವನು ಒಪ್ಪಲಿಲ್ಲ. "ಇದೆಲ್ಲ ಸೆಂಟಿಮೆಂಟ್ ಮಾರಾಯ. ಮಾತಾಡೋಕೆ ಬರಲ್ಲ ಅಂದರೆ ಈ ಫೀಲ್ಡಿನಲ್ಲಿ ಕಷ್ಟಾನೇ. ಇವತ್ತು ನೀನು ಮುಲಾಜಿಗೆ ಬಿದ್ದು ಹೇಳದೇ ಇದ್ದರೆ ನಾಳೆ ಇನ್ನೊಬ್ಬರು ಹೇಳ್ತಾರೆ" ಅಂದ. ಇದರಲ್ಲಿ ನಿಜ ಇದೆ. ಅವನು ಮೀಟಿಂಗಿನಲ್ಲಿ ಮಾತಾಡೋದು ಕಲಿಯಲೇಬೇಕು. ಆದರೆ ನಾನು ಹೇಳುತ್ತಿರೋದು ಕರುಣೆ ತೋರಿಸೋ ಬಗ್ಗೆ ಅಲ್ಲ, ನಿಖರವಾಗಿ ಬರೆಯೋ ಬಗ್ಗೆ. 'ಮಾರ್ಚ್‌ನಲ್ಲಿ ಮುಖ್ಯವಾದ ಒಂದು ತೊಂದರೆಯನ್ನು ಕಾಲ್‌ನಲ್ಲಿ ಎತ್ತಿದ, ಮಧ್ಯದಲ್ಲೇ ತಡೆದಾಗ ಪಟ್ಟು ಹಿಡಿಯಲಿಲ್ಲ, ಆಮೇಲೆ ಬರವಣಿಗೆಯಲ್ಲಿ ತಿಳಿಸಿದ.' ಹೀಗೆ ಬರೆಯಬಹುದಿತ್ತು. ಇದರಲ್ಲಿ ಅವನ ಕೊರತೆಯೂ ಇದೆ. ಆದರೆ ಹೀಗೆ ಬರೆದರೆ ಓದಿದವರು ಕೇಳುತ್ತಾರೆ, ತಡೆದಿದ್ದು ಯಾರು? ವಾಕ್ಯದೊಳಗೆ ನಾನು ಬರಬೇಕಾಗುತ್ತೆ. ಒಂದೇ ಪದ ಬರೆದರೆ ಆ ತೊಂದರೆ ಇಲ್ಲ, ಅದರೊಳಗೆ ಅವನೊಬ್ಬನೇ ಇರುತ್ತಾನೆ.

ಡೇನಿಯಲ್ ಆಪನ್‌ಹೈಮರ್ ಅನ್ನೋ ಮನಶ್ಶಾಸ್ತ್ರಜ್ಞ ದೊಡ್ಡ ದೊಡ್ಡ ಪದಗಳನ್ನು ಅನಗತ್ಯವಾಗಿ ಬಳಸಿದರೆ ಏನಾಗುತ್ತೆ ಅಂತ ಪ್ರಯೋಗ ಮಾಡಿದ್ದರು. 2006ರಲ್ಲಿ ಅದು ಪ್ರಕಟವಾಯ್ತು, ಅದೇ ವರ್ಷ ತಮಾಷೆಯ ಇಗ್ ನೊಬೆಲ್ ಬಹುಮಾನವೂ ಬಂತು. ಅಂಥ ಬರಹ ಓದಿದವರು ಬರೆದವನನ್ನು ಬುದ್ಧಿವಂತ ಅಂದುಕೊಳ್ಳುವ ಬದಲು ಬುದ್ಧಿ ಕಮ್ಮಿ ಅಂದುಕೊಳ್ಳುತ್ತಾರೆ ಅನ್ನೋದು ಅದರ ಸಾರ. ಓದಿದಾಗ ಖುಷಿಯಾಗಿತ್ತು. ಈಗ ಅನ್ನಿಸೋದು, ಅಲ್ಲಿ ಪಣಕ್ಕಿದ್ದದ್ದು ಬರೆದವನ ಮರ್ಯಾದೆ. ಅಪ್ರೈಸಲ್ ಫಾರ್ಮಿನಲ್ಲಿ ಪಣಕ್ಕಿರೋದು ಬೇರೆಯವರ ಬದುಕು.

ನಮ್ಮೂರಲ್ಲೂ ಜನ ಇನ್ನೊಬ್ಬರಿಗೆ ಪದ ಅಂಟಿಸುತ್ತಾರೆ. ಮಾತು ಕಮ್ಮಿ ಇರೋನನ್ನು 'ಗುಮ್ಮನಗುಸ್ಕ' ಅಂತಾರೆ. ಆದರೆ ಅದನ್ನು ಅಂದವರ ಬಾಯಿಯೂ ಎಲ್ಲರಿಗೂ ಕಾಣುತ್ತೆ, ತಿರುಗಿಸಿ ಅನ್ನೋದಕ್ಕೆ ಅವಕಾಶ ಇದೆ. ಇಂಗ್ಲಿಷಿನ ತೂಕದ ಪದ ಫಾರ್ಮಿನೊಳಗೆ ಹೋದರೆ ಹೇಳಿದವನು ಮಾಯವಾಗಿ, ಅದೊಂದು ಸತ್ಯಸಂಗತಿಯ ಥರ ಉಳಿದುಬಿಡುತ್ತೆ. ಕೊನೆಗೆ ಹುಡುಗನೇ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ, 'ನಾನು' ಅಂತ ಶುರುಮಾಡಿ ಬರೆದುಕೊಳ್ಳುತ್ತಾನೆ.

ಎಚ್ಆರ್‌ಗೆ ಹೋಗಿ ಕೇಳಿದೆ. ರೇಟಿಂಗ್ ಲಾಕ್ ಆಗಿತ್ತು, ಕಮೆಂಟ್ ಮಾತ್ರ ಸೇರಿಸಬಹುದು ಅಂದರು. ನಡೆದಿದ್ದನ್ನು ನನ್ನನ್ನೂ ಸೇರಿಸಿ ಬರೆದೆ. ಅದರಿಂದ ಅವನ ಹೈಕ್ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಈಗ ನಾನು ಯಾರ ಬಗ್ಗೆಯಾದರೂ ಒಂದು ಗುಣವಾಚಕ ಬರೆಯೋ ಮುಂಚೆ ಅದಕ್ಕೆ ನಿಜವಾಗಿ ನಡೆದ ಎರಡು ಉದಾಹರಣೆ, ತಾರೀಖಿನ ಜೊತೆ, ಬರೆದು ನೋಡುತ್ತೇನೆ. ಸಿಗದಿದ್ದರೆ ಪದ ಬಿಟ್ಟುಬಿಡುತ್ತೇನೆ. ಎಷ್ಟೋ ಸಲ ಬಿಡಬೇಕಾಗುತ್ತೆ.

ಹುಡುಗನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ತಪ್ಪಾಯ್ತು ಅಂತ ಹೇಳಿದೆ. "ಇರ್ಲಿ ಬಿಡ್ರಿ ಸರ್" ಅಂದ. ಆ ವಾಕ್ಯ ಹೊಡೆದು ಹಾಕು ಅಂದೆ.

"ಯಾಕ್ರೀ ಸರ್, ಗ್ರಾಮರ್ ತಪ್ಪೈತೇನ್ರಿ?"

"ಗ್ರಾಮರ್ ಸರಿ ಇದೆ. ವಿಷಯ ತಪ್ಪು."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಕಾಫಿ ಕುಡಿದು ಎದ್ದೆವು. ಹೊಡೆದು ಹಾಕಿದನೋ ಇಲ್ಲವೋ, ನಾನು ಕೇಳಲಿಲ್ಲ.