ದೀಪ ಹಿಡಿದವರ ಪಾಲು

ಜಪಮಾಲೆಯಲ್ಲಿ 108 ಮಣಿ ಯಾಕೆ ಎಂಬುದಕ್ಕೆ ಜೈನರಲ್ಲೇ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಕಾರ್ಕಳದ ನಮ್ಮ ಮನೆಯಲ್ಲಿ ಅಜ್ಜ ಹೇಳುತ್ತಿದ್ದದ್ದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಲೆಕ್ಕ. ಹಿಂಸೆಗೆ ಮನಸ್ಸು ಮಾಡುವುದು, ಅದಕ್ಕೆ ಬೇಕಾದ್ದನ್ನು ಹೊಂದಿಸಿಕೊಳ್ಳುವುದು, ಕೈಹಾಕುವುದು: ಮೂರು. ಮನಸ್ಸು, ಮಾತು, ಮೈ: ಮೂರು. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಹೂಂ ಅನ್ನುವುದು: ಮೂರು. ಕ್ರೋಧ, ಮಾನ, ಮಾಯೆ, ಲೋಭ: ನಾಲ್ಕು. ಗುಣಿಸಿದರೆ 108. ಪಾಪ ಒಳಗೆ ಬರಲಿಕ್ಕೆ ಅಷ್ಟು ಬಾಗಿಲು.

ಅಜ್ಜ ಕಣ್ಣು ಮುಚ್ಚಿ ಜಪ ಮಾಡುತ್ತಿರಲಿಲ್ಲ. ಅಡಿಕೆ ತೋಟಕ್ಕೆ ಮಂಗ ಇಳಿಯಿತೋ ಎಂದು ನೋಡುತ್ತಲೇ ಮಣಿ ಜಾರಿಸುತ್ತಿದ್ದರು. ಚಾವಡಿಯ ಗೋಡೆಯಲ್ಲಿ ಲೈಸೆನ್ಸಿನ ಕೋವಿ ಇತ್ತು, ಅದನ್ನು ಅವರು ಮುಟ್ಟಿದವರಲ್ಲ. ಕೆಲಸದವನನ್ನು ಕರೆದು ತೋಟೆ ಎಣಿಸಿ ಕೊಡುತ್ತಿದ್ದರು, ಅಷ್ಟೆ. ತೋಟೆ ಕೊಡುವುದು ಯಾವ ಮಣಿಗೆ ಸೇರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಕುರಿ ಡಾಕ್ಟರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್ ದೂರದ ಹ್ಯಾಮಿಲ್ಟನ್ ಸುತ್ತಮುತ್ತ ಕೆಲಸ. ಉಣ್ಣೆಗೆ ಹೆಸರಾದ ಊರು. ಬಾಡಿಗೆಗಿರುವುದು ಒಂದು ಕುರಿ ಫಾರ್ಮಿನ ಮೂಲೆಯ ಮನೆಯಲ್ಲಿ. ಆ ಫಾರ್ಮಿನ ಹಿರಿಯರನ್ನು ಇಲ್ಲಿ ಧಣಿ ಎಂದೇ ಕರೆಯುತ್ತೇನೆ, ಊರಿನ ಅಭ್ಯಾಸ. ಅವರ ಮಗ ಪೇಟೆ ಸೇರಿದ ಮೇಲೆ ರಾತ್ರಿ ದೀಪ ಹಿಡಿಯಲು ಜನ ಇರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, ಕುರಿ ಈಯುವ ಚಳಿಗಾಲದಲ್ಲಿ, ಅವರು ರೈಫಲ್ ಹಿಡಿದರೆ ನಾನು ಸ್ಪಾಟ್‌ಲೈಟ್ ಹಿಡಿಯುತ್ತೇನೆ. ಹೊಡೆಯುವುದು ಕೆಂಪು ನರಿಯನ್ನು.

ಹೊರಗಿನವರು ಗುಂಡು ಹಾರಿಸುವುದೇ ದೊಡ್ಡ ಕೆಲಸ ಎಂದುಕೊಳ್ಳುತ್ತಾರೆ. ಅಲ್ಲ. ಪಿಕಪ್ಪಿನ ಹಿಂಬದಿಯಲ್ಲಿ ನಿಂತು ಬೆಳಕನ್ನು ಮೈದಾನದ ಉದ್ದಕ್ಕೂ ನಿಧಾನವಾಗಿ ಹಾಯಿಸಬೇಕು. ಕಣ್ಣುಗಳು ಹೊಳೆಯುತ್ತವೆ. ಕತ್ತಲಲ್ಲಿ ಅಲೆಯುವ ಪ್ರಾಣಿಗಳ ಕಣ್ಣಿನ ಹಿಂಪದರ ಬೆಳಕನ್ನು ವಾಪಸು ಎಸೆಯುತ್ತದೆ. ಕುರಿಯ ಕಣ್ಣು ಅಗಲದಲ್ಲಿ, ಹಸಿರು ಛಾಯೆಯಲ್ಲಿ, ಅಲುಗಾಡದೆ ನಿಂತಿರುತ್ತದೆ. ಪೊಸಮ್ ಮರದ ಮೇಲೆ. ನರಿಯದ್ದು ನೆಲಕ್ಕೆ ಹತ್ತಿರ, ಒತ್ತೊತ್ತಾಗಿ, ಪ್ರಖರವಾಗಿ. ಒಮ್ಮೆ ನೋಡುತ್ತದೆ, ತಿರುಗುತ್ತದೆ, ಆರುತ್ತದೆ, ಹತ್ತು ಮಾರು ಆಚೆ ಮತ್ತೆ ಹತ್ತುತ್ತದೆ. ಪೂರ್ತಿ ಬೆಳಕನ್ನು ಅದರ ಮುಖಕ್ಕೇ ಹಿಡಿದರೆ ಓಡುತ್ತದೆ. ಬೆಳಕಿನ ಅಂಚಿನಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೆ ಕೆಂಪು ಗಾಜು ಹಾಕಬೇಕು. ನೆರೆಮನೆಯ ನಾಯಿಯ ಕಣ್ಣೂ ಹಾಗೇ ಹೊಳೆಯಬಹುದು. ಗುಂಡಿನ ದಾರಿಗೆ ಹಿಂದೆ ದಿಬ್ಬ ಇರಬೇಕು, ಬರೀ ಆಕಾಶ ಇರಬಾರದು. ಧಣಿಯ ಕಟ್ಟುನಿಟ್ಟು ಒಂದೇ: ದೀಪದವರು 'ನರಿ' ಅನ್ನುವ ತನಕ ಬೋಲ್ಟ್ ಮುಚ್ಚುವಂತಿಲ್ಲ. ಅಂದರೆ ಕತ್ತಲಲ್ಲಿ ಅದು ಯಾರು ಎಂದು ತೀರ್ಮಾನಿಸುವವಳು ನಾನು.

ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಮೊದಲು ಕೇಳಿದ್ದು ಊಟ ಎಷ್ಟು ಹೊತ್ತಿಗೆ ಎಂದು. ದೀಪಕ್ಕೆ ಹುಳ ಬಂದು ಸಾಯುತ್ತವೆ ಎಂಬ ಒಂದೇ ಕಾರಣಕ್ಕೆ ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ನಮ್ಮದು. ಆಮೇಲೆ ಅಮ್ಮನೇ ಸಮಾಧಾನ ಹೇಳಿದಳು: "ನೀನು ಕೋವಿ ಮುಟ್ಟುದಿಲ್ಲ ಅಲ್ವಾ? ಮತ್ತೆ ನಿನಗೆ ಎಂತದ್ದು ಮಾರಾಯ್ತಿ?"

ಇದೇ ಜನ್ನನ ಕಾವ್ಯದಲ್ಲಿ ಯಶೋಧರನ ತಾಯಿ ಆಡುವ ಬಗೆಯ ಮಾತು ಎಂದು ನಾನು ಅಮ್ಮನಿಗೆ ಹೇಳಲಿಲ್ಲ. 1209ರ ಆ ಕಾವ್ಯ ಜೈನರ ಮನೆಗಳಲ್ಲಿ ಕಥೆಯಾಗಿ ಎಲ್ಲರಿಗೂ ಗೊತ್ತು. ದೇವಿಗೆ ಪ್ರಾಣಿ ಬಲಿ ಕೊಡು ಎನ್ನುತ್ತಾಳೆ ತಾಯಿ ಚಂದ್ರಮತಿ. ಒಲ್ಲೆ ಎನ್ನುತ್ತಾನೆ ಮಗ. ಹಾಗಾದರೆ ಹಿಟ್ಟಿನ ಕೋಳಿಯಾದರೂ ಆಗಲಿ ಎಂದು ಒಪ್ಪಂದ. ಕತ್ತಿ ಬೀಳುವಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಒಂದು ಪ್ರಾಣಿಯೂ ಸಾಯದೆ ತಾಯಿ ಮಗ ಇಬ್ಬರೂ ನವಿಲಾಗಿ ನಾಯಿಯಾಗಿ ಜನ್ಮ ಜನ್ಮ ಅಲೆಯುತ್ತಾರೆ. ಹಿಟ್ಟಿಗೇ ಅಷ್ಟಾದರೆ ದೀಪಕ್ಕೆಷ್ಟು? ಯಶೋಧರನ ಕಥೆಯನ್ನೇ ಜನ್ನನಿಗಿಂತ ಮೊದಲು, 959ರಲ್ಲಿ, ಸಂಸ್ಕೃತದಲ್ಲಿ ಬರೆದ ಸೋಮದೇವಸೂರಿ ಒಂದು ಉದಾಹರಣೆ ಕೊಡುತ್ತಾನೆ: ಇಡೀ ದಿನ ಒಂದು ಮೀನೂ ಸಿಗದೆ ಕೂತ ಬೆಸ್ತ ಪಾಪಿ, ನೆಲ ಉಳುತ್ತ ಎಷ್ಟೋ ಜೀವಗಳನ್ನು ಕೊಂದ ರೈತ ಅಲ್ಲ, ವ್ಯತ್ಯಾಸ ಮನಸ್ಸಿನದ್ದು. ಬೆಸ್ತರ ಬಗ್ಗೆ ಇದು ನ್ಯಾಯವಾದ ಮಾತಲ್ಲ ಎಂದು ನನ್ನ ಅಭಿಪ್ರಾಯ. ಉಳುವವನಿಗೂ ಹೊಟ್ಟೆಪಾಡು, ಬಲೆ ಬೀಸುವವನಿಗೂ ಹೊಟ್ಟೆಪಾಡು. ಆದರೆ ನರಿಯೇ ಬಾರದ ರಾತ್ರಿ ಚಳಿಯಲ್ಲಿ ನಡುಗುತ್ತ ದೀಪ ಆಡಿಸುವಾಗ ಆ ಬೆಸ್ತ ನೆನಪಾಗುತ್ತಾನೆ.

ಧಣಿಯ ಹತ್ತಿರ ಇರುವುದು ಬೇರೆ ಲೆಕ್ಕ. ಒಂದು ನರಿ ಹೋದರೆ ಇಷ್ಟು ಮರಿ ಉಳಿದವು. ಈ ಲೆಕ್ಕಕ್ಕೆ ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರು ಮೊದಲೇ ಉತ್ತರ ಬರೆದಿಟ್ಟಿದ್ದಾರೆ ಎಂದರೆ ಧಣಿ ನಂಬಲಾರರು. ಪುರುಷಾರ್ಥ ಸಿದ್ಧ್ಯುಪಾಯದಲ್ಲಿ ಕೊಲ್ಲುವುದಕ್ಕೆ ಕೊಡುವ ಮೂರು ನೆಪಗಳನ್ನು ಒಂದರ ಹಿಂದೆ ಒಂದು ಆಚಾರ್ಯರು ತಳ್ಳಿಹಾಕುತ್ತಾರೆ. ಈ ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಹಲವು ಬದುಕುತ್ತವೆ ಎಂದು ಕೊಲ್ಲಬೇಡ. ಇದು ಬದುಕಿದ್ದರೆ ಕೊಂದು ಕೊಂದು ಪಾಪ ಕೂಡಿಸಿಕೊಳ್ಳುತ್ತದೆ ಎಂದು ಮರುಗಿ ಕೊಲ್ಲಬೇಡ. ನರಳುವ ಜೀವವನ್ನು ನೋವಿನಿಂದ ಬಿಡಿಸುತ್ತೇನೆ ಎಂದೂ ಕೊಲ್ಲಬೇಡ. ಮೂರನೆಯದು ನನ್ನ ಕಸುಬಿನ ಬುಡಕ್ಕೇ ಬೀಳುತ್ತದೆ. ಬೆನ್ನು ಮುರಿದ ಕುರಿಗೆ ಸೂಜಿ ಕೊಡುವವಳು ನಾನು. ಆ ಮಾತನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಮೊದಲನೆಯದನ್ನು ಒಪ್ಪಲು ಶಾಸ್ತ್ರವೇ ಬೇಕಾಗಲಿಲ್ಲ, ಶವಪರೀಕ್ಷೆ ಸಾಕಾಯಿತು. ಬೆಳಿಗ್ಗೆ ಹುಲ್ಲಿನಲ್ಲಿ ಸತ್ತ ಮರಿ, ಕುತ್ತಿಗೆಯಲ್ಲಿ ಹಲ್ಲಿನ ಗುರುತು. ನರಿಯೇ ಎನ್ನುತ್ತಾರೆ ಎಲ್ಲರೂ. ಚರ್ಮ ಸುಲಿದು ನೋಡಿದರೆ ಹಲ್ಲಿನ ಸುತ್ತ ರಕ್ತ ಹೆಪ್ಪುಗಟ್ಟಿಲ್ಲ, ಕಚ್ಚುವಾಗ ಜೀವ ಇರಲಿಲ್ಲ ಎಂದರ್ಥ. ಗೊರಸಿನ ತುದಿಯ ಮೆತ್ತನೆಯ ಪೊರೆ ಸವೆದಿಲ್ಲ, ಎದ್ದು ನಡೆದೇ ಇಲ್ಲ. ಶ್ವಾಸಕೋಶದ ತುಂಡು ನೀರಿನಲ್ಲಿ ಮುಳುಗಿದರೆ ಉಸಿರೇ ಆಡಿಲ್ಲ. ನಡೆದಾಡಿದ ಮರಿಯಾದರೆ ಮೂತ್ರಪಿಂಡದ ಸುತ್ತಲಿನ ಕೊಬ್ಬು ನೋಡಬೇಕು. ಅದು ಪೂರ್ತಿ ಕರಗಿದ್ದರೆ ಹಾಲು ಸಿಗದೆ ಸತ್ತದ್ದು. ಹುಟ್ಟಿನ ಕಷ್ಟ, ಹಸಿವು, ಗಾಳಿಮಳೆಯ ಚಳಿ, ಅವಳಿಯಲ್ಲಿ ಒಂದನ್ನು ತಾಯಿ ಬಿಟ್ಟುಹೋಗುವುದು: ಮರಿಗಳ ಸಾವಿನಲ್ಲಿ ದೊಡ್ಡ ಪಾಲು ಇವುಗಳದ್ದು. ನರಿ ಬರುವುದು ಹೆಚ್ಚಾಗಿ ಆಮೇಲೆ. ಹೆಚ್ಚಾಗಿ ಎಂದೆ, ಯಾವಾಗಲೂ ಎನ್ನಲಿಲ್ಲ. ಹಾಲು ಕುಡಿದು ಹೊಟ್ಟೆ ತುಂಬಿದ್ದ ಮರಿಯ ಪಕ್ಕೆಲುಬಿನ ಮೇಲೆ ನೀಲಿಗಟ್ಟಿದ ಕಡಿತಗಳನ್ನೂ ನಾನು ಕಂಡಿದ್ದೇನೆ. ಕಂಡದ್ದನ್ನು ಧಣಿಗೆ ಹಾಗೇ ಹೇಳುತ್ತೇನೆ.

ಉಳಿದ ಮರಿಯಾದರೂ ಎಲ್ಲಿಗೆ? ಧಣಿಯ ಚರ್ಚಿನ ಕಿಟಕಿಯಲ್ಲಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಯೇಸುವಿನ ಬಣ್ಣದ ಗಾಜು ಇದೆ. ಆದರೆ ಮಾಂಸದ ತಳಿಯ ಮರಿಗಳು ವರ್ಷ ತುಂಬುವ ಮೊದಲೇ ಲಾರಿ ಹತ್ತುತ್ತವೆ. ಒಂದೇ ಮರಿಗೆ ನರಿಯೂ ನಾವೂ ಕಾದು ಕೂತಿದ್ದೇವೆ ಎಂದರೆ ಧಣಿಗೆ ಸಿಟ್ಟು ಬರುವುದಿಲ್ಲ, ನಗುತ್ತಾರೆ. "ನಾನು ಕಾಯುವುದಕ್ಕೆ ಬೇಲಿ ಹಾಕಿ, ಮೇವು ಕೊಟ್ಟು, ನಿನಗೆ ಫೀಸು ಕೊಟ್ಟಿದ್ದೇನೆ" ಎನ್ನುತ್ತಾರೆ.

ಗೃಹಸ್ಥನಿಗೆ ಒಂದು ರಿಯಾಯಿತಿ ಇದೆಯಲ್ಲ, ವಿರೋಧಿ ಹಿಂಸೆ, ಎಂದು ಊರಿನ ಒಬ್ಬ ಹಿರಿಯರು ನನಗೆ ನೆನಪಿಸಿದರು. ಮೇಲೆ ಬಿದ್ದವನನ್ನು ತಡೆಯಲು ಮಾಡುವ ಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧಗಳಲ್ಲಿ ಬಿರುದು ಗಳಿಸಿದವನು, ಅವನನ್ನು ಯಾವ ಮುನಿಯೂ ಹೊರಹಾಕಲಿಲ್ಲ. ನಿಜ. ಆದರೆ ನರಿ ನನ್ನ ಮೇಲೆ ಬಿದ್ದಿಲ್ಲ, ಮರಿ ನನ್ನದಲ್ಲ. ಆ ರಿಯಾಯಿತಿಯನ್ನು ಇಷ್ಟು ದೂರ ಎಳೆದರೆ ಹರಿಯುತ್ತದೆ.

ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಕುರಿಮರಿಯಲ್ಲ, ಬ್ಯಾಂಡಿಕೂಟ್. ಮೈಮೇಲೆ ಪಟ್ಟೆಯಿರುವ, ಉದ್ದ ಮೂತಿಯ, ಮೊಲಕ್ಕಿಂತ ಚಿಕ್ಕ ಹೊಟ್ಟೆಚೀಲದ ಪ್ರಾಣಿ. ಇಲ್ಲಿಯ ಹುಲ್ಲುಗಾವಲಿನದ್ದೇ. ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿ ಅದರ ಕೊನೆಯ ಕಾಡುಸಂತತಿ ಉಳಿದಿದ್ದು ಹ್ಯಾಮಿಲ್ಟನ್ನಿನಲ್ಲಿ, ಊರಿನ ಕಸದ ತಿಪ್ಪೆಯ ತುಕ್ಕುಹಿಡಿದ ಕಾರುಗಳ ಅಡಿಯಲ್ಲಿ. ನರಿಯ ಹಲ್ಲು ಅಲ್ಲಿಗೆ ಎಟುಕುತ್ತಿರಲಿಲ್ಲ. ಅವುಗಳನ್ನು ಹಿಡಿದು, ಬೇಲಿಯೊಳಗೆ ಮತ್ತು ನರಿಯಿಲ್ಲದ ದ್ವೀಪಗಳಲ್ಲಿ ಸಾಕಿ, 2021ರಲ್ಲಿ 'ಕಾಡಿನಲ್ಲಿ ನಿರ್ನಾಮ' ಎಂಬ ಪಟ್ಟಿಯಿಂದ ಹೊರತಂದರು. ಆ ದ್ವೀಪಗಳಲ್ಲಿ ಒಂದಾದ ಫಿಲಿಪ್ ದ್ವೀಪದಲ್ಲಿ ವರ್ಷಗಟ್ಟಲೆ ನರಿಗಳನ್ನು ಒಂದೂ ಬಿಡದೆ ಕೊಂದರು, 2017ರಲ್ಲಿ ನರಿ ಮುಗಿಯಿತು ಎಂದು ಘೋಷಿಸಿದರು. ಅಮೃತಚಂದ್ರರ ವಾಕ್ಯವನ್ನು ಪಾಲಿಸಿದ್ದರೆ ಇಂದು ಬ್ಯಾಂಡಿಕೂಟ್ ಇಲ್ಲಿ ಇರುತ್ತಿರಲಿಲ್ಲ. ಹುಲಿ ಜಿಂಕೆ ಒಟ್ಟಿಗೆ ಹುಟ್ಟಿದ ನಾಡಿನಲ್ಲಿ ಬರೆದ ವಾಕ್ಯ ಅದು. ಇಲ್ಲಿಗೆ ನರಿ ತಾನಾಗಿ ಬಂದದ್ದಲ್ಲ. ಕುದುರೆ ಏರಿ ನಾಯಿಗಳನ್ನು ಬಿಟ್ಟು ಬೇಟೆಯಾಡುವ ಇಂಗ್ಲಿಷರ ಮೋಜಿಗಾಗಿ ಹಡಗಿನಲ್ಲಿ ತಂದು ಬಿಟ್ಟರು. 1870ರ ದಶಕದಲ್ಲಿ ಇದೇ ವಿಕ್ಟೋರಿಯಾದಲ್ಲಿ ಬೇರೂರಿತು. ಅಂದು ತಂದವರ ಮೋಜಿನ ಫಲವನ್ನು ಇಂದು ಬ್ಯಾಂಡಿಕೂಟ್, ನರಿ, ನಾವು ಎಲ್ಲರೂ ಉಣ್ಣುತ್ತಿದ್ದೇವೆ. ಒಬ್ಬ ಮಾಡಿದ ಹಿಂಸೆಯ ಫಲ ಹಲವರಿಗೆ, ಹಲವರು ಮಾಡಿದ್ದರ ಫಲ ಒಬ್ಬನಿಗೆ ಎಂದು ಅಮೃತಚಂದ್ರರೇ ಬರೆದಿದ್ದಾರೆ. ಈ ಮಾತು ಮಾತ್ರ ಈ ಮಣ್ಣಿನಲ್ಲೇ ಹುಟ್ಟಿದಂತಿದೆ.

ಹಾಗಾಗಿ ನಾನು ದೀಪ ಬಿಟ್ಟಿಲ್ಲ. ಕೊಲ್ಲುವುದೇ ಸರಿ ಎಂದಲ್ಲ. ನಾನು ದೀಪ ಬಿಟ್ಟರೆ ಬರುವುದು ವಿಷ. 1080 ಎಂಬ ಪುಡಿ ಹಾಕಿದ ಮಾಂಸದ ಉಂಡೆ. ತಿಂದ ನರಿ ಸಾಯಲು ಗಂಟೆಗಳೇ ಬೇಕು. ಬೇರೆ ದಾರಿಯೂ ಇದೆ, ಹತ್ತಿರದಲ್ಲೇ. ವಾರ್ನಂಬೂಲ್ ಕಡಲತೀರದ ಮಿಡಲ್ ಐಲ್ಯಾಂಡ್‌ನಲ್ಲಿ ನರಿಗಳು ಪುಟ್ಟ ಪೆಂಗ್ವಿನ್‌ಗಳನ್ನು ಹತ್ತಕ್ಕಿಂತ ಕಡಿಮೆಗೆ ಇಳಿಸಿದ್ದವು. 2006ರಿಂದ ಮರೆಮ್ಮಾ ನಾಯಿಗಳನ್ನು ಕಾವಲಿಗೆ ಇಟ್ಟರು, ಪೆಂಗ್ವಿನ್ ಮರಳಿದವು. ಧಣಿಗೆ ನಾನು ಮರೆಮ್ಮಾ ಕೊಳ್ಳಿ ಎಂದು ಹೇಳುತ್ತಲೇ ಇದ್ದೇನೆ. ಕುರಿಯ ಜೊತೆ ಬೆಳೆದು ನಂಬಿಕೆಗೆ ಬರಲು ನಾಯಿಗೆ ಸುಮಾರು ಎರಡು ವರ್ಷ ಬೇಕು, ಅವರ ವಯಸ್ಸು ಎಪ್ಪತ್ತು ದಾಟಿದೆ.

ಇನ್ನು ಉಳಿದದ್ದು ಕೊನೆಯ ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಕೊಲ್ಲುವುದನ್ನು ತಪ್ಪಿಸಲಾಗದಿದ್ದರೆ ಈ ನಾಲ್ಕು ಕಷಾಯಗಳನ್ನಾದರೂ ತೆಗೆಯಬಹುದಲ್ಲ ಎಂದು ನನ್ನ ಆಸೆ. ಲೋಭ ಸುಲಭ. 2011ರಲ್ಲಿ ಸರ್ಕಾರ ನರಿಯ ನೆತ್ತಿಗೆ 10 ಡಾಲರ್ ಇನಾಮು ಇಟ್ಟಿತು. ನೆತ್ತಿ ಕೊಯ್ದು ಫ್ರೀಜರಿನಲ್ಲಿ ಕೂಡಿಟ್ಟವರಿದ್ದಾರೆ, ಧಣಿ ಕೊಯ್ದವರಲ್ಲ. ಮಾನವೂ ಇಲ್ಲ. ಹೊಡೆದ ನರಿಗಳನ್ನು ಬೇಲಿಗೆ ಸಾಲಾಗಿ ನೇತುಹಾಕುವ ಪದ್ಧತಿ ಕೆಲವು ಕಡೆ ಇದೆ, ಇವರು ಹೂಳುತ್ತಾರೆ. ಸಿಟ್ಟು ಕೆಲವು ಬೆಳಿಗ್ಗೆ ಇರುತ್ತದೆ, ರಾತ್ರಿಗೆ ಇಳಿದಿರುತ್ತದೆ.

ಮಾಯೆ ಮಾತ್ರ ಅವರ ಜೇಬಿನಲ್ಲೇ ಇದೆ. ಎರಡು ಬದಿ ಮಡಿಚಿದ, ನಡುವೆ ತೂತಿರುವ ತಗಡಿನ ಸೀಟಿ. ಬಾಯಲ್ಲಿಟ್ಟು ಗಾಳಿ ಎಳೆದರೆ ಗಾಯಗೊಂಡ ಮೊಲದ ಚೀತ್ಕಾರ ಬರುತ್ತದೆ. ದೂರದ ನರಿ ಹಸಿವಿನಿಂದ ತಾನೇ ನಡೆದು ಹತ್ತಿರ ಬರುತ್ತದೆ, ಕೂರುತ್ತದೆ, ಕಿವಿ ಮುಂದೆ ಮಾಡಿ ಕೇಳುತ್ತದೆ. ನರಿಯ ಹಸಿವನ್ನೇ ಅದಕ್ಕೆ ಗಾಳ ಮಾಡುವುದು ನನಗೆ ಗುಂಡಿಗಿಂತ ಹೇಸಿಗೆ ಅನಿಸಿತು. ನಾನು ದೀಪ ಹಿಡಿಯುವ ರಾತ್ರಿ ಸೀಟಿ ಬೇಡ ಎಂದೆ. ಧಣಿ ಸರಿ ಅಂದರು. ಮೂರು ವಾಕ್ಯದಲ್ಲಿ ತಮ್ಮದನ್ನೂ ಹೇಳಿದರು. "ಸೀಟಿ ಇಲ್ಲದಿದ್ದರೆ ನರಿ ಇನ್ನೂರೈವತ್ತು ಮೀಟರ್ ಆಚೆಗೇ ನಿಲ್ಲುತ್ತದೆ. ನನ್ನ ಕೈ ಈಗ ಮೊದಲಿನಷ್ಟು ಗಟ್ಟಿ ಇಲ್ಲ. ಹತ್ತಿರ ಬಂದು ಕೂತದ್ದು ಒಂದೇ ಗುಂಡಿಗೆ ಮುಗಿಯುತ್ತದೆ, ದೂರದ್ದು ದವಡೆ ಮುರಿದುಕೊಂಡು ಬಿಲ ಸೇರುತ್ತದೆ."

ಮೋಸವಿಲ್ಲದ ಗಾಯವೋ, ಗಾಯವಿಲ್ಲದ ಮೋಸವೋ ಎಂದು ಕೇಳಿದರೆ ಸೂತ್ರದ ಉತ್ತರ ನನಗೆ ಗೊತ್ತು: ಎರಡೂ ಮಾಲೆಯಲ್ಲಿವೆ. ಆದರೆ ಮುರಿದ ದವಡೆ ಎಂದರೇನು ಎಂದು ನಾನು ಕಸುಬಿನಲ್ಲಿ ನೋಡಿದವಳು. ಆ ಪ್ರಾಣಿ ತಿನ್ನಲಾಗದೆ ಎಷ್ಟು ದಿನ ಬದುಕಿರುತ್ತದೆ ಎಂದೂ ಗೊತ್ತು. ಸೀಟಿ ವಾಪಸು ಬಂತು. ಈಗ ಹೊಳೆಯುವ ಕಣ್ಣು ದೂರದಲ್ಲಿ ಕಂಡರೆ ಧಣಿ ಸುಮ್ಮನೆ ಕಾಯುತ್ತಾರೆ. ಊದಿ ಎನ್ನುವವಳು ನಾನು.