ಬೇಟೆ ನಿಂತ ಮೇಲೆ ನಾಯಿಯ ಋಣ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಪ್ರಥಮ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿಯ ಶತಮಾನಗಳ ಮುದಿಮರಗಳಿಗೆ ರಕ್ಷಣೆ ದೊರೆತಿದೆ. ಮುದಿಯಾದ ಬೇಟೆನಾಯಿಗೆ ಅಂತಹ ರಕ್ಷಣೆ ಯಾರ ಮನೆಯಲ್ಲಿದೆ?

ನಮ್ಮ ನಾಡಿನಲ್ಲಿ ನಾಯಿಗೆ ಸಂದ ಗೌರವಕ್ಕೆ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಗಂಗ ದೊರೆ ಬೂತುಗನಲ್ಲಿ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದನ್ನು ಕಾಡುಹಂದಿಯ ಮೇಲೆ ಬಿಡಲಾಗಿ ಎರಡೂ ಹೋರಾಡಿ ಮಡಿದವು. ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ತಟ್ಟುವುದೆಂದು ಶಾಸನದ ಮಾತು. ಶ್ರಾವಕನು ಇಲ್ಲಿ ತುಸು ನಿಲ್ಲಬೇಕು. ಪಾಪವು ನಾಯಿಯದಷ್ಟೇ ಏನು? ಕಚ್ಚಿದ್ದು ನಾಯಿ, ಬಿಟ್ಟವನು ಒಡೆಯ, ನೋಡಿ ಮೆಚ್ಚಿದವರು ಬೇರೆ. ಕೃತ, ಕಾರಿತ, ಅನುಮೋದನ ಮೂರಕ್ಕೂ ಕರ್ಮಬಂಧವಿದೆಯೆಂಬುದು ಜಿನಾಗಮ. ತಿರ್ಯಂಚ ಜೀವಿಯ ತಲೆಗೆ ತನ್ನ ಪಾಲನ್ನು ಹೊರಿಸಿ ಒಡೆಯನು ಪಾರಾಗಲಾರನು.

ಹಿಂದೆ ಬೇಟೆಗೊಂದು ಋತುವಿತ್ತು. ಉಳಿದ ತಿಂಗಳು ನಾಯಿಗೆ ಬಿಡುವು. 1972ರ ವನ್ಯಜೀವಿ ಕಾಯ್ದೆಯು ಮೊದಲಿಗೆ ಪರವಾನಗಿಯ ಬೇಟೆಗೆ ಎಡೆಯಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆಯಿತು. ಅಂದಿನಿಂದ ಬಿಡುವೇ ಬಾಳಾಯಿತು. ಕಾಯ್ದೆ ಒಡೆಯನ ಕೈ ಕಟ್ಟಿತೇ ಹೊರತು ಮರಿಯ ಕಾಲಿನ ಚಪಲವನ್ನು ಕಟ್ಟಲಿಲ್ಲ. ಮುಧೋಳದ ಮರಿ ಇಂದಿಗೂ ಓಡುವುದಕ್ಕೇ ಹುಟ್ಟಿದಂತಿರುತ್ತದೆ. ಪಕ್ಕದಲ್ಲಿ ಮುದಿ ನಾಯಿ ಬಿಸಿಲು ಅರಸಿ ಮಲಗಿರುತ್ತದೆ.

ಹಿಂಸ್ರಪ್ರಾಣಿಗಳನ್ನು ಪೋಷಿಸುವುದು ಅಸತೀಪೋಷವೆಂದು ಶಾಸ್ತ್ರವು ನಿಷೇಧಿಸಿದೆ. ಇದನ್ನೇ ಹಿಡಿದು ಕೆಲವರು ನಾಯಿಯನ್ನು ಊರಾಚೆ ಬಿಟ್ಟು ಬರುವುದುಂಟು. ಇದು ವ್ರತವಲ್ಲ, ಉಳಿತಾಯ. ಬೇಟೆಗೆಂದು ಹೊಸ ಮರಿಯನ್ನು ತರುವುದು ಒಂದು, ಮನೆಯಲ್ಲಿ ಬೆಳೆದದ್ದನ್ನು ತ್ಯಜಿಸುವುದು ಇನ್ನೊಂದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ ಮೊದಲನೆಯದು, ಅನ್ನಪಾನನಿರೋಧ ಕೊನೆಯದು. ಓಡಬಯಸುವ ಮರಿಯನ್ನು ಹಗಲೆಲ್ಲ ಸರಪಳಿಯಲ್ಲಿಡುವುದು ಮೊದಲನೆಯದಕ್ಕೆ ಸಲ್ಲುತ್ತದೆ; ದುಡಿಯದ ಮುದಿ ನಾಯಿಯ ತುತ್ತು ಕಡಿಯುವುದು ಕೊನೆಯದಕ್ಕೆ. ಲೆಕ್ಕದ ಪುಸ್ತಕದಲ್ಲಿ ಆದಾಯ ನಿಂತೊಡನೆ ಸಾಲ ಅಳಿಸಿಹೋಗದೆಂದು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದ್ದು ಏಟು ತಿಂದು ಸಾಯುತ್ತಿದ್ದ ನಾಯಿಗೆ. ಅದರಿಂದ ಆತನಿಗೆ ಅಂದು ಯಾವ ಪ್ರಯೋಜನವೂ ಇರಲಿಲ್ಲ. ಅದೇ ಜೀವ ಯಕ್ಷನಾಗಿ ಮರಳಿ ಬಂದದ್ದು ನಂತರದ ಕಥೆ. ಮನೆಯ ನಾಯಿಗೆ ಬೇಕಾದದ್ದು ಇನ್ನೂ ಸುಲಭವಾದುದು: ಮರಿಗೆ ಬೆಳಗಿನ ತಂಪಿನಲ್ಲಿ ಬೇಲಿಯೊಳಗಿನ ಓಟ, ಹಲ್ಲುದುರಿದ ಮುದಿ ನಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಮೆತ್ತಗೆ ಕಲಸಿದ ರಾಗಿ ಅಂಬಲಿ.