ದಯೆಗೆ ಡಿಸೆಂಬರ್ ಬರಬೇಕಾ?

ಇಂದಿನ ಧ್ಯಾನಕ್ಕೆ ಲೂಕ 6ನೇ ಅಧ್ಯಾಯ, 35ನೇ ವಚನ ತೆಗೆಯಿರಿ.

ಡಿಸೆಂಬರ್‌ನಲ್ಲಿ ನಾವೆಲ್ಲ ತುಂಬಾ ಒಳ್ಳೆಯವರು. ಕ್ಯಾರೋಲ್ ಹಾಡ್ತೀವಿ, ಪಕ್ಕದ ಮನೆಯವರಿಗೆ ಕೇಕ್ ಕೊಡ್ತೀವಿ. ಜನವರಿಯಲ್ಲಿ ಅವರೇ ನಮ್ಮ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದ್ರೆ? ಪಿಜಿಯಲ್ಲಿ ರೂಮ್‌ಮೇಟ್ ರಾತ್ರಿ ಒಂದು ಗಂಟೆಗೆ ಸ್ಪೀಕರ್ ಹಾಕಿ ಮಾತಾಡಿದ್ರೆ? ನೀವು ಮಾಡಿದ ಕೆಲಸಕ್ಕೆ ಟೀಮ್ ಲೀಡ್ ತನ್ನ ಹೆಸರು ಹಾಕಿಕೊಂಡ್ರೆ? ಗಲಾತ್ಯ 5:22ರಲ್ಲಿ ದಯೆಯೂ ಆತ್ಮನ ಫಲಗಳಲ್ಲಿ ಒಂದು. ಅದೇನು ಮಾವಿನಹಣ್ಣಾ, ಸೀಸನ್‌ನಲ್ಲಿ ಮಾತ್ರ ಬರೋದಕ್ಕೆ?

ಯೌವನಸ್ಥರು ಕೇಳ್ತಾರೆ: "ಬ್ರದರ್, ಒಳಗೆ ಕೋಪ ಇಟ್ಕೊಂಡು ಹೊರಗೆ ದಯೆ ತೋರಿಸಿದ್ರೆ ಕಪಟ ಅಲ್ವಾ?" ನ್ಯಾಯವಾದ ಪ್ರಶ್ನೆ. ಆದರೆ ಲೂಕ 6ರಲ್ಲಿ ಶತ್ರುಗಳನ್ನು ಪ್ರೀತಿಸುವುದು ಹೇಗೆ ಅಂತ ಯೇಸು ಹೇಳಿದ್ದನ್ನು ಗಮನಿಸಿ. ಉಪಕಾರ, ಆಶೀರ್ವಾದ, ಪ್ರಾರ್ಥನೆ, ಸಾಲ. ಎಲ್ಲವೂ ಮಾಡುವ ಕೆಲಸಗಳೇ. ಅವರು ನಿಮಗೆ ಇಷ್ಟವಾಗಬೇಕು ಅಂತ ಎಲ್ಲೂ ಇಲ್ಲ. ಎದುರಿಗೆ ಸಿಹಿ ಮಾತಾಡಿ ಹಿಂದೆ ಕೆಡುಕು ಬಯಸುವವನು ಕಪಟಿ. ಕೋಪವನ್ನು ದೇವರ ಮುಂದೆ ಬಿಚ್ಚಿಟ್ಟು, ಎದುರಿನವನ ಒಳಿತಿಗಾಗಿ ನಾಲಿಗೆ ಬಿಗಿಹಿಡಿದವನು ವಿಧೇಯನು.

35ನೇ ವಚನದ ಪ್ರಕಾರ ದೇವರು ಉಪಕಾರ ಮರೆತವರಿಗೂ ಕೆಟ್ಟವರಿಗೂ ದಯೆ ತೋರಿಸುತ್ತಾನೆ. ಅಲ್ಲಿರುವ ಗ್ರೀಕ್ ಪದ ಕ್ರೇಸ್ತೊಸ್. ಮತ್ತಾಯ 11:30ರಲ್ಲಿ ಯೇಸು ತನ್ನ ನೊಗದ ಬಗ್ಗೆ ಹೇಳುವಾಗಲೂ ಅದೇ ಪದ ಇದೆ. ಸರಿಯಾಗಿ ಕೂರದ ನೊಗ ಎತ್ತಿನ ಹೆಗಲನ್ನು ಉಜ್ಜಿ ಹುಣ್ಣು ಮಾಡುತ್ತೆ. ಒಳ್ಳೆಯ ನೊಗ ಹುಣ್ಣು ಮಾಡಲ್ಲ, ಆದ್ರೆ ಉಳುಮೆಯನ್ನೂ ನಿಲ್ಲಿಸಲ್ಲ.

ದಯೆಯೂ ಹಾಗೇ. ಹೇಳಬೇಕಾದ ಸತ್ಯವನ್ನು ಹುಣ್ಣು ಮಾಡದೆ ಹೇಳುತ್ತೆ. ಟೀಮ್ ಲೀಡ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಆಫೀಸ್ ಗ್ರೂಪಿನಲ್ಲಿ ಚುಚ್ಚಬೇಡಿ. ರೂಮ್‌ಮೇಟ್‌ಗೆ ಬೆಳಗ್ಗೆ ಶಾಂತವಾಗಿ ಹೇಳಿ.

ಇನ್ನೊಂದು ಮಾತು. ಹೊಡೆಯುವವರ, ಹಿಂಸಿಸುವವರ ಜೊತೆ ಸುಮ್ಮನೆ ಇದ್ದುಬಿಡಿ ಅಂತ ನಾನು ಹೇಳ್ತಿಲ್ಲ. ಸಮಾಧಾನ ಪೂರ್ತಿಯಾಗಿ ನಮ್ಮೊಬ್ಬರ ಕೈಯಲ್ಲಿಲ್ಲ ಅಂತ ಪೌಲನಿಗೂ ಗೊತ್ತಿತ್ತು. ರೋಮಾಪುರ 12:18 ಓದಿ. ಅಂಥವರಿಂದ ದೂರ ಹೋಗಿ, ಸಹಾಯ ಕೇಳಿ. ದೂರದಿಂದಲೂ ಪ್ರಾರ್ಥಿಸಬಹುದು.

ಕ್ರಿ.ಶ. 197ರ ಸುಮಾರಿಗೆ ಕಾರ್ಥೇಜಿನ ತೆರ್ತುಲ್ಲಿಯನ್ ಒಂದು ವಿಷಯ ಬರೆದ. ಕ್ರೈಸ್ತರನ್ನು ದ್ವೇಷಿಸುತ್ತಿದ್ದವರು ಆ ಹೆಸರನ್ನೂ ತಪ್ಪಾಗಿ "ಕ್ರೆಸ್ತಿಯಾನರು" ಅಂತಿದ್ದರಂತೆ. ಆ ತಪ್ಪು ಉಚ್ಚಾರದಲ್ಲೂ ದಯೆ ಎಂಬ ಅರ್ಥವೇ ಇದೆ ಎಂದ ಆತ. ನಮ್ಮ ಆಫೀಸಿನಲ್ಲಿ, ಪಿಜಿಯಲ್ಲಿ ನಮಗೆ ಯಾವ ಹೆಸರಿದೆ?

ಈ ವಾರ ನಿಮಗೆ ಕಷ್ಟ ಕೊಡುವ ಒಬ್ಬರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಿ, ಆಮೇಲೆ ಅವರ ಹತ್ತಿರ ಮಾತಾಡಿ. ಮುಂದಿನ ವಾರವೂ ಹಾಗೇ ಮಾಡಿ. ಕರ್ತನು ನಿಮ್ಮನ್ನು ಬಲಪಡಿಸಲಿ. ಆಮೆನ್.